ಲಿಥಿಯಂ-ಅಯಾನ್ ಸೆಲ್ ಪರೀಕ್ಷೆಯಲ್ಲಿ ಮಾಪನ ದೋಷ: ಯಾವ ಪ್ರಶ್ನೆಗೆ ಯಾವ ವಿಧಾನ

ಒಂದೇ ಬ್ಯಾಚಿನ ಎರಡು ಸೆಲ್‌ಗಳನ್ನು ಎರಡು ಉಪಕರಣಗಳಲ್ಲಿ ಪರೀಕ್ಷಿಸಿದಾಗ ಸಾಮರ್ಥ್ಯದಲ್ಲಿ (ಸೆಲ್ ಹಿಡಿದಿಡುವ ವಿದ್ಯುದಂಶದಲ್ಲಿ) ಶೇ. 1ರಷ್ಟು ವ್ಯತ್ಯಾಸ ಕಂಡುಬಂದರೆ, ಅದು ಸೆಲ್‌ನದೋ, ಉಪಕರಣದ್ದೋ, ತಂತಿಯದೋ ಎಂಬುದನ್ನು ಆ ಅಂಕಿಗಳಷ್ಟರಿಂದಲೇ ಹೇಳಲಾಗದು. ಹೆಚ್ಚಿನವರು ಇದಕ್ಕೆ ಪರಿಹಾರವೆಂದು ಇನ್ನೂ ನಿಖರವಾದ ಸೈಕ್ಲರ್ (ಸೆಲ್ ಅನ್ನು ಮತ್ತೆ ಮತ್ತೆ ಚಾರ್ಜ್, ಡಿಸ್ಚಾರ್ಜ್ ಮಾಡಿ ಅಳೆಯುವ ಉಪಕರಣ) ಕೊಳ್ಳಲು ಹೊರಡುತ್ತಾರೆ. ಆದರೆ ಸೆಲ್ ಪರೀಕ್ಷೆಯಲ್ಲಿ ದೋಷದ ದೊಡ್ಡ ಪಾಲು ಸೈಕ್ಲರಿನ ಹೊರಗೆ, ಅಂದರೆ ಸೆಲ್ ಕೂರಿಸುವ ಹಿಡಿಕೆಯಲ್ಲಿ, ತಾಪಮಾನದಲ್ಲಿ ಮತ್ತು ಪರೀಕ್ಷೆಯ ಕ್ರಮದಲ್ಲಿ ಅಡಗಿರುವುದೇ ಹೆಚ್ಚು. ಯಾವ ದೋಷ ಮುಖ್ಯ ಎಂಬುದನ್ನು ನಿರ್ಧರಿಸುವುದು ನಾವು ಸೆಲ್‌ಗೆ ಕೇಳುತ್ತಿರುವ ಪ್ರಶ್ನೆ. ಸಾಮರ್ಥ್ಯ, ಆಂತರಿಕ ರೋಧ, ಕೂಲಂಬಿಕ್ ದಕ್ಷತೆ (ಒಳಹೋದ ವಿದ್ಯುದಂಶದಲ್ಲಿ ಹೊರಬರುವ ಪಾಲು) ಮತ್ತು ಸ್ವಯಂ-ವಿಸರ್ಜನೆ (ಸುಮ್ಮನಿದ್ದಾಗಲೂ ಚಾರ್ಜ್ ಕಳೆದುಕೊಳ್ಳುವುದು) ಎಂಬ ನಾಲ್ಕು ಪ್ರಶ್ನೆಗಳಿಗೆ ನಾಲ್ಕು ಬೇರೆ ಬೇರೆ ದೋಷಗಳು ಅಡ್ಡ ಬರುತ್ತವೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಉಪಕರಣಗಳನ್ನು ಉತ್ತಮ, ಮಧ್ಯಮ ಎಂದು ಶ್ರೇಣೀಕರಿಸದೆ, ಪ್ರಶ್ನೆಗೆ ತಕ್ಕ ಆಯ್ಕೆ ಯಾವುದೆಂಬುದನ್ನು ನೋಡಲಾಗಿದೆ.

ವಿವರಣಾ ಪತ್ರದ ಅಂಕಿಯನ್ನು ಓದುವ ಬಗೆ

ಸೈಕ್ಲರಿನ ವಿವರಣಾ ಪತ್ರದಲ್ಲಿ ಪ್ರವಾಹದ ನಿಖರತೆ ಶೇ. 0.1 ಎಂದು ಬರೆದಿದ್ದರೆ, ಅದು ಅಳೆದ ಮೌಲ್ಯದ ಶೇ. 0.1 ಆಗಿರುವುದು ಅಪರೂಪ. ಬಹುತೇಕ ಅದು ಆ ರೇಂಜಿನ (ಅಳತೆಯ ವ್ಯಾಪ್ತಿಯ) ಗರಿಷ್ಠ ಮೌಲ್ಯದ ಶೇ. 0.1 ಆಗಿರುತ್ತದೆ. 5 ಆಂಪಿಯರ್ ರೇಂಜಿನಲ್ಲಿ ಇದು 5 ಮಿಲಿಆಂಪಿಯರ್. 5 ಆಂಪಿಯರ್-ಗಂಟೆಯ ಸೆಲ್ ಒಂದನ್ನು 1ಸಿ ದರದಲ್ಲಿ, ಅಂದರೆ ಸೆಲ್ ಒಂದು ಗಂಟೆಯಲ್ಲಿ ಖಾಲಿಯಾಗುವ 5 ಆಂಪಿಯರಿನಲ್ಲಿ, ಪರೀಕ್ಷಿಸುವಾಗ ಇದು ನಗಣ್ಯ. ಅದೇ ಸೆಲ್ ಅನ್ನು ಸಿ/20 ದರದಲ್ಲಿ, ಅಂದರೆ 250 ಮಿಲಿಆಂಪಿಯರಿನಲ್ಲಿ ಪರೀಕ್ಷಿಸಿದರೆ ಅದೇ 5 ಮಿಲಿಆಂಪಿಯರ್ ಶೇ. 2ರಷ್ಟು ದೋಷವಾಗುತ್ತದೆ. ಹೀಗಾಗಿ ನಿಧಾನ ಮತ್ತು ವೇಗದ ಪರೀಕ್ಷೆಗಳೆರಡನ್ನೂ ಸೈಕ್ಲರಿನ ಒಂದೇ ಚಾನೆಲ್‌ನಲ್ಲಿ (ಒಂದು ಸೆಲ್ ಜೋಡಿಸುವ ಜಾಗದಲ್ಲಿ) ನಡೆಸುವವರಿಗೆ, ಒಂದು ರೇಂಜಿನ ಶೇ. 0.02 ನಿಖರತೆಯ ಉಪಕರಣಕ್ಕಿಂತ ತಾನಾಗಿ ಬದಲಾಗುವ ಮೂರು ನಾಲ್ಕು ರೇಂಜುಗಳಿರುವ ಶೇ. 0.05 ನಿಖರತೆಯ ಉಪಕರಣ ಹೆಚ್ಚು ಉಪಯುಕ್ತವಾದೀತು. ಒಂದೇ ಎಚ್ಚರಿಕೆಯೆಂದರೆ, ಪರೀಕ್ಷೆಯ ನಡುವೆ ರೇಂಜ್ ಬದಲಾದಾಗ ಎರಡು ರೇಂಜುಗಳ ನಡುವಿನ ಸಣ್ಣ ಅಂತರವು ದತ್ತಾಂಶದಲ್ಲಿ ಮೆಟ್ಟಿಲಿನಂತೆ ಕಾಣಿಸಿಕೊಳ್ಳಬಹುದು, ಮತ್ತು ಅದನ್ನು ಸೆಲ್‌ನ ವರ್ತನೆ ಎಂದು ಭ್ರಮಿಸುವುದು ಸುಲಭ.

ನಿಖರತೆಯನ್ನೂ ಪುನರಾವರ್ತನೆಯನ್ನೂ (ಮತ್ತೆ ಅಳೆದರೆ ಅದೇ ಅಂಕಿ ಬರುವುದನ್ನೂ) ಬೇರೆ ಬೇರೆಯಾಗಿ ಕೇಳಬೇಕು. ಒಂದು ಪ್ರಯೋಗಾಲಯದೊಳಗೆ ಎರಡು ಎಲೆಕ್ಟ್ರೊಲೈಟ್‌ಗಳನ್ನು (ಸೆಲ್‌ನೊಳಗೆ ಅಯಾನುಗಳನ್ನು ಸಾಗಿಸುವ ದ್ರವಗಳನ್ನು) ಹೋಲಿಸುವಾಗ ಎಲ್ಲ ಚಾನೆಲ್‌ಗಳೂ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಹೋಲಿಕೆಗೆ ಹಾನಿಯಿಲ್ಲ. ಮತ್ತೊಂದು ಸಂಸ್ಥೆಯ ಅಂಕಿಯೊಡನೆ ತಾಳೆ ನೋಡಬೇಕಾದಾಗ ಮಾತ್ರ ಆ ಸಮಾನ ತಪ್ಪು ಮುಖ್ಯವಾಗುತ್ತದೆ.

ಪ್ರವಾಹ ಅಳೆಯುವ ಸಾಧನ: ಷಂಟ್, ಹಾಲ್ ಸೆನ್ಸರ್, ಫ್ಲಕ್ಸ್‌ಗೇಟ್

ಷಂಟ್ ಎಂಬುದು ಗೊತ್ತಾದ ಬೆಲೆಯ ಸಣ್ಣ ರೋಧಕ. ಅದರ ಎರಡು ತುದಿಗಳ ನಡುವಿನ ವೋಲ್ಟೇಜ್‌ನಿಂದ ಪ್ರವಾಹ ತಿಳಿಯುತ್ತದೆ. ಮ್ಯಾಂಗನಿನ್ ಮಿಶ್ರಲೋಹದಿಂದ ಮಾಡಿದ ಷಂಟ್‌ನ ರೋಧ ತಾಪಮಾನದೊಂದಿಗೆ ಬದಲಾಗುವುದು ಬಹಳ ಕಡಿಮೆ; ಆದರೂ ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ 20 ಭಾಗ ಬದಲಾದರೂ 10 ಡಿಗ್ರಿಗೆ ಅದು ಶೇ. 0.02 ಆಗುತ್ತದೆ. 1 ಮಿಲಿಓಮ್ ಷಂಟ್ ಮೂಲಕ 50 ಆಂಪಿಯರ್ ಹರಿದಾಗ 2.5 ವ್ಯಾಟ್ ಶಾಖ ಹುಟ್ಟುವುದರಿಂದ, ಆ 10 ಡಿಗ್ರಿಗೆ ಹೊರಗಿನ ಹವೆಯೇ ಕಾರಣವಾಗಬೇಕೆಂದಿಲ್ಲ. ಅದೇ ಷಂಟ್ ಮೂಲಕ 100 ಮಿಲಿಆಂಪಿಯರ್ ಅಳೆಯಹೊರಟರೆ ತೊಂದರೆ ಬೇರೆ ರೂಪ ತಾಳುತ್ತದೆ. ಆಗ ಸಿಗುವ ವೋಲ್ಟೇಜ್ 100 ಮೈಕ್ರೊವೋಲ್ಟ್ ಮಾತ್ರ. ಎರಡು ಲೋಹಗಳು ಸೇರುವ ಜಾಗದಲ್ಲಿ ಶಾಖದಿಂದ ಹುಟ್ಟುವ ಒಂದೇ ಒಂದು ಮೈಕ್ರೊವೋಲ್ಟ್ ಕೂಡ ಶೇ. 1ರ ದೋಷ ತರಬಲ್ಲದು.

ಹಾಲ್ ಸೆನ್ಸರ್ ಪ್ರವಾಹದ ಕಾಂತಕ್ಷೇತ್ರವನ್ನು ಅಳೆಯುವುದರಿಂದ ಮಂಡಲದೊಂದಿಗೆ ನೇರ ಸಂಪರ್ಕವಿಲ್ಲ, ಶಾಖ ನಷ್ಟವಿಲ್ಲ, ದೊಡ್ಡ ಪ್ಯಾಕ್‌ಗಳಿಗೆ ಅಳವಡಿಸುವುದೂ ಸುಲಭ. ಆದರೆ ಅದರ ಶೂನ್ಯ ದೋಷ (ಪ್ರವಾಹವಿಲ್ಲದಾಗಲೂ ತೋರುವ ಅಂಕಿ) ತಾಪಮಾನದೊಂದಿಗೆ ಸರಿಯುತ್ತದೆ, ದೊಡ್ಡ ಪ್ರವಾಹ ಹರಿದ ಬಳಿಕ ಕೋರ್‌ನಲ್ಲಿ ಉಳಿದ ಕಾಂತತ್ವವೂ ಅದನ್ನು ಕದಲಿಸುತ್ತದೆ. ಕ್ಷಣಿಕ ಪ್ರವಾಹ ನೋಡುವವರಿಗೆ ಇದರಿಂದ ಬಾಧೆಯಿಲ್ಲ. ಪ್ರವಾಹವನ್ನು ಗಂಟೆಗಟ್ಟಲೆ ಕೂಡಿಸುತ್ತ ಹೋಗುವವರಿಗೆ ಮಾತ್ರ 10 ಮಿಲಿಆಂಪಿಯರ್ ಶೂನ್ಯ ದೋಷ ಒಂದು ದಿನದಲ್ಲಿ 240 ಮಿಲಿಆಂಪಿಯರ್-ಗಂಟೆಯಷ್ಟಾಗಿ, 5 ಆಂಪಿಯರ್-ಗಂಟೆಯ ಸೆಲ್‌ನ ಸುಮಾರು ಶೇ. 5ರಷ್ಟನ್ನು ಸುಳ್ಳಾಗಿ ತೋರಿಸುತ್ತದೆ. ಕಾಂತಕ್ಷೇತ್ರವನ್ನೇ ಇನ್ನೂ ಸೂಕ್ಷ್ಮವಾಗಿ ಅಳೆಯುವ ಫ್ಲಕ್ಸ್‌ಗೇಟ್ ತತ್ವದ ಸಾಧನಗಳಲ್ಲಿ ಈ ಸರಿಯುವಿಕೆ ಬಹಳ ಕಡಿಮೆ, ಬೆಲೆ ಬಹಳ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಒಂಟಿ ಸೆಲ್‌ಗಳ ಪರೀಕ್ಷೆಗೆ ಒಳ್ಳೆಯ ಷಂಟ್ ಸಾಕು. ನೂರಾರು ಆಂಪಿಯರ್‌ಗಳ ಮಾಡ್ಯೂಲ್ (ಹಲವು ಸೆಲ್‌ಗಳ ಜೋಡಣೆ) ಪರೀಕ್ಷೆಯಲ್ಲಿ ಶಕ್ತಿದಕ್ಷತೆಯನ್ನು ನಿಖರವಾಗಿ ಹೇಳಬೇಕಾದಾಗ ಮಾತ್ರ ಫ್ಲಕ್ಸ್‌ಗೇಟ್‌ಗೆ ಹಣ ಹಾಕುವುದು ಸಾರ್ಥಕ.

ಎರಡು ತಂತಿಯೋ, ನಾಲ್ಕು ತಂತಿಯೋ

ಈ ಪ್ರಶ್ನೆಗೆ ಉತ್ತರ ಎಲ್ಲರಿಗೂ ಗೊತ್ತು: ನಾಲ್ಕು ತಂತಿ, ಅಂದರೆ ಪ್ರವಾಹಕ್ಕೆ ಒಂದು ಜೋಡಿ, ವೋಲ್ಟೇಜ್‌ಗೆ ಇನ್ನೊಂದು. ಆದರೂ ಎರಡು ತಂತಿಯಿಂದ ಆಗುವ ದೋಷ ಎಲ್ಲ ಅಳತೆಗಳ ಮೇಲೂ ಸಮನಾಗಿ ಬೀಳುವುದಿಲ್ಲ ಎಂಬುದನ್ನು ಗಮನಿಸುವವರು ಕಡಿಮೆ. ತಂತಿ ಮತ್ತು ಸಂಪರ್ಕಗಳ ಒಟ್ಟು ರೋಧ 20 ಮಿಲಿಓಮ್ ಎಂದುಕೊಳ್ಳೋಣ. 5 ಆಂಪಿಯರ್ ಹರಿಯುವಾಗ ಉಪಕರಣ ಕಾಣುವ ವೋಲ್ಟೇಜ್ ನಿಜವಾದದ್ದಕ್ಕಿಂತ 100 ಮಿಲಿವೋಲ್ಟ್ ಬೇರೆ ಇರುತ್ತದೆ: ಚಾರ್ಜ್ ಆಗುವಾಗ ಹೆಚ್ಚು, ಡಿಸ್ಚಾರ್ಜ್ ಆಗುವಾಗ ಕಡಿಮೆ. ಚಾರ್ಜಿನ ಕೊನೆಯ ಹಂತದಲ್ಲಿ ವೋಲ್ಟೇಜ್ ಸ್ಥಿರವಾಗಿದ್ದು ಪ್ರವಾಹ 250 ಮಿಲಿಆಂಪಿಯರಿಗೆ ಇಳಿದಾಗ ಈ ದೋಷ 5 ಮಿಲಿವೋಲ್ಟ್‌ಗೆ ಕುಗ್ಗುವುದರಿಂದ, ಚಾರ್ಜ್ ನಿಧಾನವಾದರೂ ಬಹುತೇಕ ಪೂರ್ತಿಯಾಗುತ್ತದೆ. ಡಿಸ್ಚಾರ್ಜ್ ಮಾತ್ರ ಕೊನೆಯ ವೋಲ್ಟೇಜನ್ನು ಬೇಗ ಮುಟ್ಟಿ ನಿಲ್ಲುತ್ತದೆ. ಅಲ್ಲಿ ವಕ್ರರೇಖೆ ಕಡಿದಾಗಿರುವುದರಿಂದ ಸಾಮರ್ಥ್ಯದಲ್ಲಿ ಆಗುವ ನಷ್ಟ ಅನೇಕ ಸಲ ಅಲ್ಪವೇ. ಆದರೆ ಸರಾಸರಿ 3.6 ವೋಲ್ಟ್ ಸೆಲ್‌ನ ಶಕ್ತಿಯ ಲೆಕ್ಕದಲ್ಲಿ 100 ಮಿಲಿವೋಲ್ಟ್ ಎಂದರೆ ಸುಮಾರು ಶೇ. 2.8, ಮತ್ತು ಆಂತರಿಕ ರೋಧವೇ 20 ಮಿಲಿಓಮ್ ಇರುವ ಸೆಲ್‌ನಲ್ಲಿ ರೋಧದ ಓದು ನೇರವಾಗಿ ಎರಡು ಪಟ್ಟಾಗುತ್ತದೆ. ಸಾಮರ್ಥ್ಯದ ಅಂಕಿ ಸರಿಯಾಗಿದೆ ಎಂಬ ಕಾರಣಕ್ಕೆ ಜೋಡಣೆ ಸರಿಯಾಗಿದೆ ಎಂದು ನಂಬುವುದು ಆದ್ದರಿಂದ ಅಪಾಯಕರ.

ನಾಲ್ಕು ತಂತಿ ಇದ್ದ ಮಾತ್ರಕ್ಕೆ ಸಮಸ್ಯೆ ಮುಗಿಯಲಿಲ್ಲ. ವೋಲ್ಟೇಜ್ ತಂತಿಯನ್ನು ಪ್ರವಾಹ ಸಾಗಿಸುವ ಸ್ಪ್ರಿಂಗ್‌ಗೇ ಬೆಸುಗೆ ಹಾಕಿದ ಹಿಡಿಕೆಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿವೆ. ಅಲ್ಲಿ ಸ್ಪ್ರಿಂಗ್ ಮತ್ತು ಸೆಲ್ ನಡುವಿನ ಸಂಪರ್ಕ ರೋಧ ಅಳತೆಯೊಳಗೇ ಉಳಿಯುತ್ತದೆ. ಹೆಸರಿಗೆ ನಾಲ್ಕು ತಂತಿ, ಅಳತೆಯಲ್ಲಿ ಮೂರಕ್ಕೂ ಕಡಿಮೆ. ವೋಲ್ಟೇಜ್ ಪಿನ್ ಸೆಲ್‌ನ ಮೇಲ್ಮೈಯನ್ನು ತಾನೇ, ಪ್ರತ್ಯೇಕವಾಗಿ ಮುಟ್ಟಬೇಕು. ಸ್ಪ್ರಿಂಗ್ ಹಿಡಿಕೆಯ ಸಂಪರ್ಕ ದಿನ ಕಳೆದಂತೆ ಬದಲಾಗುತ್ತದೆ. ವರ್ಷಗಟ್ಟಲೆ ನಡೆಯುವ ಆಯುಷ್ಯ ಪರೀಕ್ಷೆಯಲ್ಲಿ ಆ ಬದಲಾವಣೆ ಸೆಲ್ ವಯಸ್ಸಾದಂತೆ ರೋಧ ಏರಿದಂತೆಯೇ ಕಾಣುವುದರಿಂದ, ಅಂಥ ಪರೀಕ್ಷೆಗಳಿಗೆ ಸ್ಪಾಟ್ ವೆಲ್ಡ್ ಮಾಡಿದ ನಿಕ್ಕಲ್ ಪಟ್ಟಿಯನ್ನೇ ಆರಿಸಬೇಕು. ದಿನಕ್ಕೆ ನೂರು ಸೆಲ್ ವಿಂಗಡಿಸುವ ಕೆಲಸಕ್ಕೆ ಸ್ಪ್ರಿಂಗ್ ಹಿಡಿಕೆಯೇ ಸರಿ, ಏಕೆಂದರೆ ಅಲ್ಲಿ ವೇಗ ಮುಖ್ಯ, ಮತ್ತು ಅನುಮಾನ ಬಂದ ಸೆಲ್ ಅನ್ನು ತೆಗೆದು ಮತ್ತೆ ಇಟ್ಟು ನೋಡಬಹುದು.

ತಾಪಮಾನ: ಚೇಂಬರಿನದೋ, ಸೆಲ್‌ನದೋ

ಸೆಲ್‌ಗಳನ್ನು ಇಡುವ ತಾಪಮಾನ ನಿಯಂತ್ರಿತ ಪೆಟ್ಟಿಗೆಯ, ಅಂದರೆ ಚೇಂಬರಿನ, ಫಲಕದಲ್ಲಿ 25 ಡಿಗ್ರಿ ಎಂದು ತೋರಿದರೆ ಅದು ಚೇಂಬರಿನ ಒಂದು ಮೂಲೆಯ ಗಾಳಿಯ ತಾಪಮಾನ. ಮೇಲಿನ ಅರೆಯಲ್ಲಿ (ಶೆಲ್ಫಿನಲ್ಲಿ), ಕೆಳಗಿನ ಅರೆಯಲ್ಲಿ, ಫ್ಯಾನಿನ ಎದುರಿನಲ್ಲಿ ಅದು ಬೇರೆ; ಸೆಲ್‌ನ ಮೈಯಲ್ಲಿ ಇನ್ನೂ ಬೇರೆ; ವೇಗವಾಗಿ ಡಿಸ್ಚಾರ್ಜ್ ಆಗುವ ಸಿಲಿಂಡರ್ ಸೆಲ್‌ನ ಒಳಗೆ ಮೈಗಿಂತಲೂ ಹಲವು ಡಿಗ್ರಿ ಹೆಚ್ಚು. ವಾಹನ ಸೆಲ್‌ಗಳ ಕಾರ್ಯಕ್ಷಮತೆ ಪರೀಕ್ಷೆಗೆ ಸಂಬಂಧಿಸಿದ ಐಇಸಿ (ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ) 62660-1 ಮಾನದಂಡವು ತಾಪಮಾನಕ್ಕೆ ±2 ಕೆಲ್ವಿನ್, ವೋಲ್ಟೇಜ್‌ಗೆ ±0.1 ಶೇಕಡಾ, ಪ್ರವಾಹಕ್ಕೆ ±1 ಶೇಕಡಾ ನಿಖರತೆಯನ್ನು ಕೇಳುತ್ತದೆ. ಮಾನದಂಡಕ್ಕೆ ಬದ್ಧವಾಗಿ ನಡೆದೆವೆಂದು ಹೇಳಿಕೊಳ್ಳಲು ಇಷ್ಟು ಸಾಕು. ಆದರೆ 25 ಡಿಗ್ರಿಯ ಆಸುಪಾಸಿನಲ್ಲಿ ಅನೇಕ ಸೆಲ್‌ಗಳ ನೇರಪ್ರವಾಹ ರೋಧ ಪ್ರತಿ ಡಿಗ್ರಿಗೆ ಶೇ. 2ರಿಂದ 4ರಷ್ಟು ಬದಲಾಗುವುದರಿಂದ, ±2 ಕೆಲ್ವಿನ್ ಸಡಿಲಿಕೆಯೊಳಗೇ ರೋಧ ಶೇ. 4ರಿಂದ 8ರಷ್ಟು ಅಲುಗಾಡಬಲ್ಲದು. ಅಂದಮೇಲೆ ಎರಡು ಸೆಲ್‌ಗಳ ರೋಧದಲ್ಲಿ ಶೇ. 5ರ ವ್ಯತ್ಯಾಸವನ್ನು ಗುರುತಿಸಬೇಕೆನ್ನುವವರು ಮಾನದಂಡದ ಮಿತಿಗಿಂತ ಬಿಗಿಯಾದ ಮಿತಿಯನ್ನು ತಾವೇ ಹಾಕಿಕೊಳ್ಳಬೇಕು.

ಸೆನ್ಸರ್‌ಗಳಲ್ಲಿ ಕೆ ಬಗೆಯ ಥರ್ಮೋಕಪಲ್ (ಎರಡು ಲೋಹಗಳ ಜೋಡಿಯ ತಾಪಮಾಪಕ) ಅಗ್ಗ, ಆದರೆ ಅದರ ಮೊದಲ ದರ್ಜೆಯ ಸಹಿಷ್ಣುತೆಯೇ ±1.5 ಡಿಗ್ರಿ, ಟಿ ಬಗೆಯದು ±0.5 ಡಿಗ್ರಿ. ಎ ದರ್ಜೆಯ ಪಿಟಿ-100 ಪ್ಲಾಟಿನಂ ಸೆನ್ಸರ್ 25 ಡಿಗ್ರಿಯಲ್ಲಿ ±0.2 ಡಿಗ್ರಿಯೊಳಗಿರುತ್ತದೆ. ಆದರೂ ಯಾವುದನ್ನು ಆರಿಸಿದಿರಿ ಎನ್ನುವುದಕ್ಕಿಂತ ಅದನ್ನು ಸೆಲ್‌ಗೆ ಹೇಗೆ ಅಂಟಿಸಿದಿರಿ ಎನ್ನುವುದು ದೊಡ್ಡ ವಿಷಯ: ಟೇಪು ಸಡಿಲವಾಗಿ ಸೆನ್ಸರಿನ ಒಂದು ಬದಿಗೆ ಚೇಂಬರಿನ ಗಾಳಿ ಬಡಿಯುತ್ತಿದ್ದರೆ ಪ್ಲಾಟಿನಂ ಕೂಡ ಗಾಳಿಗೂ ಸೆಲ್‌ಗೂ ನಡುವಿನ ಯಾವುದೋ ಒಂದು ತಾಪಮಾನವನ್ನು ಹೇಳುತ್ತದೆ. ಹೆಚ್ಚಿನ ದರದ ಪರೀಕ್ಷೆಗಳಿಗೆ ಗಾಳಿಯ ಚೇಂಬರಿಗಿಂತ ಸೆಲ್ ಅನ್ನು ತಾಪಮಾನ ನಿಯಂತ್ರಿತ ಲೋಹದ ಫಲಕಗಳ ನಡುವೆ ಹಿಡಿಯುವ ವ್ಯವಸ್ಥೆ ಉತ್ತಮ. ನಿಧಾನ ಪರೀಕ್ಷೆಗಳಲ್ಲಿ ಸೆಲ್ ತಾನೇ ಬಿಸಿಯಾಗುವುದು ಅತ್ಯಲ್ಪವಾದ್ದರಿಂದ ಒಳ್ಳೆಯ ಗಾಳಿಯ ಚೇಂಬರೇ ಸಾಕಾಗುತ್ತದೆ.

ಕೂಲಂಬಿಕ್ ದಕ್ಷತೆ: ಸಾಮಾನ್ಯ ಸೈಕ್ಲರೋ, ಉನ್ನತ ನಿಖರತೆಯದೋ

ದುಬಾರಿ ಉಪಕರಣ ನಿಜವಾಗಿ ಬೇಕಾಗುವುದು ಇಲ್ಲಿ. ಡಿಸ್ಚಾರ್ಜಿನಲ್ಲಿ ಹೊರಬಂದ ವಿದ್ಯುದಂಶವನ್ನು ಚಾರ್ಜಿನಲ್ಲಿ ಒಳಹೋದದ್ದರಿಂದ ಭಾಗಿಸಿದರೆ ಕೂಲಂಬಿಕ್ ದಕ್ಷತೆ ಸಿಗುತ್ತದೆ. ಕೊರತೆಯೆಲ್ಲ ಶಾಶ್ವತ ನಷ್ಟವೆಂದು ಎಣಿಸಿದರೆ, ದಕ್ಷತೆ 0.9990 ಇರುವ ಸೆಲ್‌ನಲ್ಲಿ 500 ಆವರ್ತನಗಳ (ಚಾರ್ಜ್-ಡಿಸ್ಚಾರ್ಜ್ ಸುತ್ತುಗಳ) ಬಳಿಕ ಸುಮಾರು ಶೇ. 61 ಉಳಿಯಬೇಕು, 0.9995 ಇದ್ದರೆ ಸುಮಾರು ಶೇ. 78, 0.9998 ಇದ್ದರೆ ಸುಮಾರು ಶೇ. 90. ಆಯುಷ್ಯದಲ್ಲಿ ಇಷ್ಟು ಅಂತರವಿರುವ ಸೆಲ್‌ಗಳನ್ನು ಕೆಲವೇ ಆವರ್ತನಗಳಲ್ಲಿ ಬೇರ್ಪಡಿಸಬೇಕಾದರೆ ನಾಲ್ಕನೆಯ ದಶಮಾಂಶ ಸ್ಥಾನ ನಂಬುವಂತಿರಬೇಕು, ಅಂದರೆ ಅಳತೆ ಶೇ. 0.01ರ ಆಸುಪಾಸಿನಲ್ಲಿರಬೇಕು. ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾಲಯದಲ್ಲಿ ಜೆಫ್ ಡಾನ್ ಅವರ ತಂಡ ಇಂಥ ಉನ್ನತ ನಿಖರತೆಯ ಕೂಲಂಬ್ ಮಾಪನವನ್ನು ಬೆಳೆಸಿದ್ದರ ಉದ್ದೇಶವೂ ಇದೇ ಆಗಿತ್ತು. (ಕೊರತೆಯೆಲ್ಲವೂ ಲಿಥಿಯಂ ನಷ್ಟವಲ್ಲ ಎಂಬ ತಿದ್ದುಪಡಿ ಇಲ್ಲಿ ಅಗತ್ಯ: ಕೆಲವು ಅಡ್ಡ ಪ್ರತಿಕ್ರಿಯೆಗಳು ಸಾಮರ್ಥ್ಯವನ್ನು ಕಡಿಮೆ ಮಾಡದೆಯೂ ದಕ್ಷತೆಯನ್ನು ಇಳಿಸುತ್ತವೆ.)

ಈ ಅಳತೆಯಲ್ಲಿ ಎಲ್ಲ ದೋಷಗಳೂ ಒಂದೇ ತೂಕದವಲ್ಲ. ಉಪಕರಣ ಪ್ರವಾಹವನ್ನು ಎರಡೂ ದಿಕ್ಕಿನಲ್ಲಿ ಒಂದೇ ಅನುಪಾತದಲ್ಲಿ ಹೆಚ್ಚು ತೋರಿಸಿದರೆ, ಭಾಗಾಕಾರದಲ್ಲಿ ಆ ದೋಷ ತಾನಾಗಿ ಕಳೆದುಹೋಗುತ್ತದೆ. ಶೂನ್ಯ ದೋಷ ಹಾಗಲ್ಲ. 500 ಮಿಲಿಆಂಪಿಯರಿನ ಪರೀಕ್ಷೆಯಲ್ಲಿ 1 ಮಿಲಿಆಂಪಿಯರ್ ಶೂನ್ಯ ದೋಷವಿದ್ದರೆ ಚಾರ್ಜ್ 501 ಎಂದೂ ಡಿಸ್ಚಾರ್ಜ್ 499 ಎಂದೂ ದಾಖಲಾಗಿ, ನಿಜಕ್ಕೂ ಪರಿಪೂರ್ಣವಾದ ಸೆಲ್ ಕೂಡ 0.996 ದಕ್ಷತೆಯದಾಗಿ ತೋರುತ್ತದೆ. ದೋಷದ ದಿಕ್ಕು ಬೇರೆಯಾಗಿದ್ದರೆ ದಕ್ಷತೆ 1ನ್ನು ಮೀರಿದಂತೆಯೂ ಕಾಣಬಹುದು, ಮತ್ತು ಅಂಥ ಅಂಕಿ ಕಂಡಾಗ ಸಂಶಯ ಮೊದಲು ಹೋಗಬೇಕಾದುದು ಉಪಕರಣದ ಕಡೆಗೆ. ಆದ್ದರಿಂದ ಈ ಕೆಲಸಕ್ಕೆ ಸೈಕ್ಲರ್ ಆರಿಸುವಾಗ ಒಟ್ಟು ನಿಖರತೆಯ ಅಂಕಿಗಿಂತ ಶೂನ್ಯ ದೋಷದ ಸ್ಥಿರತೆಯನ್ನೂ, ಎರಡು ದಿಕ್ಕುಗಳ ಸಮತೆಯನ್ನೂ ಮಾರಾಟಗಾರರಿಂದ ಕೇಳಿ ಪಡೆಯಬೇಕು.

ಕಾಲವೂ ದೋಷದ ಮೂಲವೇ. 1ಸಿ ದರದಲ್ಲಿ ಒಂದು ಸೆಕೆಂಡ್ ಎಂದರೆ ಸಾಮರ್ಥ್ಯದ ಸುಮಾರು ಶೇ. 0.028. ಉಪಕರಣ ಕೊನೆಯ ವೋಲ್ಟೇಜನ್ನು ಸೆಕೆಂಡಿಗೊಮ್ಮೆ ಮಾತ್ರ ಪರಿಶೀಲಿಸುವುದಾದರೆ, ಪ್ರವಾಹವನ್ನು ಎಷ್ಟು ನಿಖರವಾಗಿ ಅಳೆದರೂ 1ಸಿ ದರದ ದಕ್ಷತೆಯ ನಾಲ್ಕನೆಯ ಸ್ಥಾನಕ್ಕೆ ಅರ್ಥ ಉಳಿಯುವುದಿಲ್ಲ. ಸಿ/20 ದರದಲ್ಲಿ ಅದೇ ಸೆಕೆಂಡ್ ಶೇ. 0.0014 ಮಾತ್ರ, ಉನ್ನತ ನಿಖರತೆಯ ಪರೀಕ್ಷೆಗಳನ್ನು ನಿಧಾನವಾಗಿ ನಡೆಸಲು ಇದೂ ಒಂದು ಕಾರಣ. ಸಾಮರ್ಥ್ಯವನ್ನು ಉಪಕರಣವೇ ಒಳಗೆ ಕೂಡಿಸಿದ ಅಂಕಿಯಿಂದ ತೆಗೆದುಕೊಳ್ಳಬೇಕೇ ಹೊರತು, ಮೂವತ್ತು ಸೆಕೆಂಡಿಗೊಮ್ಮೆ ದಾಖಲಾದ ಸಾಲುಗಳಿಂದ ನಾವು ಮತ್ತೆ ಲೆಕ್ಕ ಹಾಕಬಾರದು. ಕೋಷ್ಟಕದಲ್ಲಿ ದಾಖಲಾಗದ ಕ್ಷಣಗಳಲ್ಲೂ ಪ್ರವಾಹ ಹರಿದಿರುತ್ತದೆ.

ಇನ್ನೊಂದು ಅಡ್ಡಿ ಸೆಲ್‌ನ ಒಳಗೇ ಇದೆ. ಋಣ ಎಲೆಕ್ಟ್ರೋಡನ್ನು ಧನ ಎಲೆಕ್ಟ್ರೋಡಿಗಿಂತ ಸ್ವಲ್ಪ ಅಗಲವಾಗಿ ಮಾಡಿರುತ್ತಾರೆ. ಎದುರಿಗೆ ಜೋಡಿಯಿಲ್ಲದ ಆ ಅಂಚಿಗೆ ಲಿಥಿಯಂ ನಿಧಾನವಾಗಿ ಹೋಗುತ್ತ ಬರುತ್ತ ಇರುವುದರಿಂದ, ಪರೀಕ್ಷೆಗೆ ಮೊದಲು ಸೆಲ್ ಅನ್ನು ಯಾವ ಚಾರ್ಜ್ ಮಟ್ಟದಲ್ಲಿ ಇರಿಸಲಾಗಿತ್ತು ಎಂಬುದರ ಮೇಲೆ ದಿನಗಳು, ಕೆಲವೊಮ್ಮೆ ವಾರಗಳ ಕಾಲ ಸಾಮರ್ಥ್ಯ ಮೇಲೋ ಕೆಳಗೋ ಸರಿಯುತ್ತದೆ. ಯಾವ ಉಪಕರಣವೂ ಇದನ್ನು ತಿದ್ದಲಾರದು. ಹೋಲಿಸುವ ಸೆಲ್‌ಗಳೆಲ್ಲಕ್ಕೂ ಒಂದೇ ಪೂರ್ವ ಇತಿಹಾಸ ಕೊಡುವುದೊಂದೇ ದಾರಿ.

ಆಂತರಿಕ ರೋಧ: 1 ಕಿಲೋಹರ್ಟ್ಸ್, ನೇರಪ್ರವಾಹ ಪಲ್ಸ್, ಇಂಪಿಡೆನ್ಸ್ ಸ್ಪೆಕ್ಟ್ರಮ್

1 ಕಿಲೋಹರ್ಟ್ಸ್ ಪರ್ಯಾಯ ಪ್ರವಾಹದ ಮೀಟರ್ ಕ್ಷಣದಲ್ಲಿ ಉತ್ತರ ಕೊಡುತ್ತದೆ, ಚಾರ್ಜ್ ಮಟ್ಟದಿಂದ ಹೆಚ್ಚು ಪ್ರಭಾವಿತವಾಗುವುದಿಲ್ಲ. ಅದು ಅಳೆಯುವುದು ಮುಖ್ಯವಾಗಿ ಲೋಹ ಮತ್ತು ಎಲೆಕ್ಟ್ರೊಲೈಟ್‌ಗಳ ಓಮಿಕ್ ರೋಧವನ್ನು. ನೇರಪ್ರವಾಹ ಪಲ್ಸ್‌ನ ಅಳತೆಯಲ್ಲಿ ವಿದ್ಯುದಂಶ ವರ್ಗಾವಣೆ ಮತ್ತು ವಿಸರಣದ ಪಾಲೂ ಸೇರುವುದರಿಂದ ಅದು ಹೆಚ್ಚಿನ ಬೆಲೆಯನ್ನೇ ಕೊಡುತ್ತದೆ. ಒಂದು ಸೆಕೆಂಡಿನ ಪಲ್ಸ್‌ಗೂ ಹತ್ತು ಸೆಕೆಂಡಿನ ಪಲ್ಸ್‌ಗೂ ಉತ್ತರ ಬೇರೆ ಬೇರೆ, ಎರಡೂ ತಪ್ಪಲ್ಲ. ತಯಾರಿಕೆಯಲ್ಲಿ ಕೆಟ್ಟ ವೆಲ್ಡ್‌ಗಳನ್ನು ಹಿಡಿಯಲು 1 ಕಿಲೋಹರ್ಟ್ಸ್ ಮೀಟರ್ ಸಾಕು. ವಾಹನಕ್ಕೆ ಒಂದು ಕ್ಷಣದಲ್ಲಿ ಎಷ್ಟು ಪವರ್ ಸಿಕ್ಕೀತು ಎಂದು ಹೇಳಬೇಕಾದರೆ ಪಲ್ಸ್ ಬೇಕು, ಮತ್ತು ಪಲ್ಸ್‌ನ ಅವಧಿ, ಪ್ರವಾಹ, ಚಾರ್ಜ್ ಮಟ್ಟ, ಹಿಂದಿನ ವಿಶ್ರಾಂತಿಯ ಕಾಲ ಮತ್ತು ತಾಪಮಾನ ಎಲ್ಲವನ್ನೂ ಜೊತೆಗೆ ಬರೆಯದ ಅಂಕಿಯನ್ನು ಇನ್ನೊಂದರೊಡನೆ ಹೋಲಿಸಬಾರದು.

ಹಲವು ಆವರ್ತನಗಳಲ್ಲಿ (ಫ್ರೀಕ್ವೆನ್ಸಿಗಳಲ್ಲಿ) ಅಳೆದ ಇಂಪಿಡೆನ್ಸ್ ಸ್ಪೆಕ್ಟ್ರಮ್ ಈ ಪಾಲುಗಳನ್ನು ಬಿಡಿಸಿ ತೋರಿಸುತ್ತದೆ, ಆದರೆ ತಪ್ಪಿಗೆ ಅವಕಾಶವೂ ಅಷ್ಟೇ ಹೆಚ್ಚು. ತಂತಿಗಳು ಸುತ್ತುವ ಪ್ರದೇಶದಿಂದ 100 ನ್ಯಾನೊಹೆನ್ರಿ ಇಂಡಕ್ಟನ್ಸ್ (ಪ್ರವಾಹದ ಬದಲಾವಣೆಗೆ ಒಡ್ಡುವ ಅಡ್ಡಿ) ಬಂದರೆ 1 ಕಿಲೋಹರ್ಟ್ಸ್‌ನಲ್ಲಿ ಅದು ಸುಮಾರು 0.63 ಮಿಲಿಓಮ್ ಆಗುತ್ತದೆ. ದೊಡ್ಡ ಪ್ರಿಸ್ಮ್ಯಾಟಿಕ್ ಸೆಲ್‌ಗಳ ಒಟ್ಟು ರೋಧವೇ 1 ಮಿಲಿಓಮ್‌ಗಿಂತ ಕಡಿಮೆ ಇರುವಾಗ ನಾವು ಅಳೆಯುತ್ತಿರುವುದು ಸೆಲ್ಲೋ ತಂತಿಯೋ ಎಂಬ ಸಂಶಯ ನ್ಯಾಯವೇ. ಪ್ರವಾಹದ ಜೋಡಿಯನ್ನೂ ವೋಲ್ಟೇಜಿನ ಜೋಡಿಯನ್ನೂ ಪ್ರತ್ಯೇಕವಾಗಿ ಹೆಣೆದು, ಪರಸ್ಪರ ದೂರ ಇರಿಸಬೇಕು. ಕಡಿಮೆ ಆವರ್ತನದ ತುದಿಯಲ್ಲಿ, 0.01 ಹರ್ಟ್ಸ್‌ನ ಒಂದು ಸುತ್ತಿಗೆ 100 ಸೆಕೆಂಡ್ ಬೇಕಾಗುವುದರಿಂದ, ವಿಶ್ರಾಂತಿ ಸಾಲದ ಸೆಲ್ ಅಳತೆಯ ನಡುವೆಯೇ ಬದಲಾಗುತ್ತಿರುತ್ತದೆ. ಅಳೆದ ದತ್ತಾಂಶ ತನ್ನೊಳಗೇ ಹೊಂದಿಕೆಯಾಗುತ್ತದೆಯೇ ಎಂದು ನೋಡುವ ಕ್ರಾಮರ್ಸ್-ಕ್ರೋನಿಗ್ ಪರೀಕ್ಷೆ ಇದನ್ನು ಬಯಲಿಗೆಳೆಯುತ್ತದೆ.

ಸ್ವಯಂ-ವಿಸರ್ಜನೆ: ಕಾದು ನೋಡುವುದೋ, ಹಿಡಿದು ಅಳೆಯುವುದೋ

ಎನ್‌ಎಂಸಿ (ನಿಕ್ಕಲ್-ಮ್ಯಾಂಗನೀಸ್-ಕೋಬಾಲ್ಟ್) ಸೆಲ್‌ಗಳಲ್ಲಿ ಶೇ. 1 ಚಾರ್ಜ್ ಇಳಿದರೆ ವೋಲ್ಟೇಜ್ ಸ್ಥೂಲವಾಗಿ 10 ಮಿಲಿವೋಲ್ಟ್ ಇಳಿಯುತ್ತದೆ. ತಿಂಗಳಿಗೆ ಶೇ. 1 ಕಳೆದುಕೊಳ್ಳುವ ಸೆಲ್‌ನ ವೋಲ್ಟೇಜ್ ಹಾಗಾದರೆ ದಿನಕ್ಕೆ ಮಿಲಿವೋಲ್ಟ್‌ನ ಮೂರನೇ ಒಂದು ಭಾಗದಷ್ಟು ಇಳಿಯಬೇಕು. ತಾಪಮಾನ ಒಂದು ಡಿಗ್ರಿ ಬದಲಾದರೆ ತೆರೆದ ಮಂಡಲದ ವೋಲ್ಟೇಜ್ ಮಿಲಿವೋಲ್ಟ್‌ನ ಒಂದೆರಡು ದಶಾಂಶ ಬದಲಾಗಬಲ್ಲದು. ಅಂದರೆ ಕೋಣೆಯ ಹಗಲು ರಾತ್ರಿಯ ಏರಿಳಿತವೇ ಒಂದು ದಿನದ ಸಂಕೇತವನ್ನು ಮುಚ್ಚಿಬಿಡುತ್ತದೆ. ವಾರಗಟ್ಟಲೆ ಕಾಯಲು ಸಿದ್ಧರಿದ್ದು, ಪ್ರತಿ ಓದನ್ನೂ ಒಂದೇ ತಾಪಮಾನದಲ್ಲಿ ತೆಗೆದುಕೊಳ್ಳುವುದಾದರೆ ಈ ವಿಧಾನ ಅಗ್ಗವೂ ವಿಶ್ವಾಸಾರ್ಹವೂ ಹೌದು. ಎಲ್‌ಎಫ್‌ಪಿ (ಲಿಥಿಯಂ ಕಬ್ಬಿಣ ಫಾಸ್ಫೇಟ್) ಸೆಲ್‌ಗಳಲ್ಲಿ ಮಾತ್ರ, 3.3 ವೋಲ್ಟ್‌ನ ಬಳಿಯ ಸಮತಟ್ಟಾದ ಭಾಗದಲ್ಲಿ, ಇದು ಬಹುತೇಕ ನಿರುಪಯುಕ್ತ. ಅಲ್ಲಿ ಒಂದು ಅವಧಿ ಬಿಟ್ಟು ಉಳಿದ ಚಾರ್ಜನ್ನು ಪೂರ್ತಿ ಡಿಸ್ಚಾರ್ಜ್ ಮಾಡಿ ಅಳೆಯುವುದೇ ಮೇಲು.

ಇನ್ನೊಂದು ವಿಧಾನದಲ್ಲಿ ಸೆಲ್ ಅನ್ನು ಸ್ಥಿರ ವೋಲ್ಟೇಜ್‌ನಲ್ಲಿ ಹಿಡಿದು, ಅದನ್ನು ಹಾಗೆಯೇ ಉಳಿಸಲು ಬೇಕಾದ ಸಣ್ಣ ಪ್ರವಾಹವನ್ನು ಅಳೆಯುತ್ತಾರೆ. ಮೇಲಿನ ದರದಲ್ಲಿ 5 ಆಂಪಿಯರ್-ಗಂಟೆಯ ಸೆಲ್‌ಗೆ ಅದು ಸುಮಾರು 70 ಮೈಕ್ರೊಆಂಪಿಯರ್. ಉತ್ತರ ಗಂಟೆಗಳಲ್ಲೋ ಒಂದೆರಡು ದಿನಗಳಲ್ಲೋ ಸಿಗುತ್ತದೆ. ಆದರೆ ವೋಲ್ಟೇಜ್ ಮೂಲ ಗಂಟೆಗೆ 10 ಮೈಕ್ರೊವೋಲ್ಟ್ ಸರಿದರೂ ಇಂಥ ಸೆಲ್‌ನಲ್ಲಿ ಸುಮಾರು 50 ಮೈಕ್ರೊಆಂಪಿಯರ್ ಸುಳ್ಳು ಪ್ರವಾಹ ಹುಟ್ಟುತ್ತದೆ, ಅದು ಅಳೆಯಬೇಕಾದದ್ದರ ಬಹುಪಾಲಿಗೆ ಸಮ. ಸಾಮಾನ್ಯ ಸೈಕ್ಲರಿನ ಸ್ಥಿರ ವೋಲ್ಟೇಜ್ ಹಂತದಿಂದ ಈ ಅಳತೆ ಮಾಡಲು ಹೋಗಬಾರದು.

ಕಾಯಿನ್ ಸೆಲ್‌ನ ತೂಕ

ಹೊಸ ಎಲೆಕ್ಟ್ರೋಡ್ ವಸ್ತುವನ್ನು ನಾಣ್ಯದಾಕಾರದ ಸಣ್ಣ ಕಾಯಿನ್ ಸೆಲ್‌ನಲ್ಲಿ ಪರೀಕ್ಷಿಸಿ ಅದರ ಸಾಮರ್ಥ್ಯವನ್ನು ಗ್ರಾಂಗೆ ಇಷ್ಟು ಎಂದು ಹೇಳುವಾಗ ವಿದ್ಯುತ್ ಉಪಕರಣಕ್ಕಿಂತ ತಕ್ಕಡಿಯೇ ದೊಡ್ಡ ದೋಷಿ. 14 ಮಿಲಿಮೀಟರ್ ವ್ಯಾಸದ, 15 ಮೈಕ್ರೊಮೀಟರ್ ದಪ್ಪದ, ಆ ವಸ್ತುವಿನ ಲೇಪವನ್ನು ಹೊರುವ ಅಲ್ಯೂಮಿನಿಯಂ ಹಾಳೆಯ ತೂಕವೇ ಸುಮಾರು 6.2 ಮಿಲಿಗ್ರಾಂ. ಹಾಳೆಯ ದಪ್ಪ ಶೇ. 5 ವ್ಯತ್ಯಾಸವಾದರೆ 0.3 ಮಿಲಿಗ್ರಾಂ, ಮೇಲಿನ ಲೇಪ 10 ಮಿಲಿಗ್ರಾಂ ಇದ್ದರೆ ಶೇ. 3ರ ದೋಷ ಅಲ್ಲಿಗೇ ಬಂದಿತು. ಶೇ. 0.02 ನಿಖರತೆಯ ಸೈಕ್ಲರ್ ಅದರ ಮುಂದೆ ಏನೂ ಮಾಡಲಾರದು, ಏಕೆಂದರೆ ಸ್ವತಂತ್ರ ದೋಷಗಳು ವರ್ಗಗಳ ಮೊತ್ತದ ವರ್ಗಮೂಲವಾಗಿ ಸೇರುವಾಗ ದೊಡ್ಡದೇ ಉತ್ತರವನ್ನು ಆಳುತ್ತದೆ. ಲೇಪವನ್ನು ದಪ್ಪ ಮಾಡುವುದು, ಖಾಲಿ ಹಾಳೆಯ ತುಂಡುಗಳನ್ನು ಅದೇ ಸುರುಳಿಯಿಂದ ಕತ್ತರಿಸಿ ತೂಗಿ ಸರಾಸರಿ ಕಳೆಯುವುದು ಇಲ್ಲಿ ಸರಿಯಾದ ಹೂಡಿಕೆ. ಲಿಥಿಯಂ ಲೋಹದ ಎದುರು ಕಟ್ಟಿದ ಅರ್ಧ ಸೆಲ್‌ನಲ್ಲಿ ಲಿಥಿಯಂ ಬೇಕಾದಷ್ಟಿರುವುದರಿಂದ ಅದರ ನಷ್ಟ ಸಾಮರ್ಥ್ಯದಲ್ಲಿ ಕಾಣುವುದೇ ಇಲ್ಲ. ಆಯುಷ್ಯದ ಪ್ರಶ್ನೆಗೆ ಪೂರ್ಣ ಸೆಲ್ಲನ್ನೇ ಕಟ್ಟಬೇಕು.

ಹಣ ಸೀಮಿತವಾಗಿದ್ದರೆ ಖರ್ಚಿನ ಕ್ರಮ ಹೀಗಿರಲಿ: ಮೊದಲು ವೋಲ್ಟೇಜ್ ಪಿನ್ ಪ್ರತ್ಯೇಕವಾಗಿರುವ ಹಿಡಿಕೆಗಳು, ಬಳಿಕ ಪ್ರತಿ ಸೆಲ್‌ಗೂ ಒಂದು ತಾಪಮಾನ ಸೆನ್ಸರ್, ಆಮೇಲೆ ಪ್ರವಾಹದ ಹಲವು ರೇಂಜುಗಳು, ಕೊನೆಗೆ ಉನ್ನತ ನಿಖರತೆಯ ಕೆಲವೇ ಚಾನೆಲ್‌ಗಳು. ಚಾನೆಲ್‌ಗಳ ನಡುವಿನ ವ್ಯತ್ಯಾಸ ತಿಳಿಯಲು ಹೆಚ್ಚು ಖರ್ಚಿಲ್ಲ: ಬೆಲೆ ಗೊತ್ತಿರುವ ನಾಲ್ಕು ತುದಿಯ ಸ್ಥಿರ ರೋಧಕವೊಂದನ್ನು ಪ್ರತಿ ಚಾನೆಲ್‌ಗೂ ಸರದಿಯಂತೆ ಜೋಡಿಸಿ ಓದನ್ನು ಬರೆದಿಟ್ಟುಕೊಳ್ಳಬೇಕು, ಮತ್ತು ಹೋಲಿಸಬೇಕಾದ ಎರಡು ಗುಂಪುಗಳ ಸೆಲ್‌ಗಳನ್ನು ಚಾನೆಲ್‌ಗಳಿಗೆ ಚೀಟಿ ಎತ್ತಿ ಹಂಚಬೇಕು. ಒಂದು ಗುಂಪನ್ನೆಲ್ಲ ಮೇಲಿನ ಅರೆಯ ಮೊದಲ ಎಂಟು ಚಾನೆಲ್‌ಗಳಿಗೆ, ಇನ್ನೊಂದನ್ನು ಕೆಳಗಿನ ಎಂಟಕ್ಕೆ ಹಾಕಿದರೆ, ಎಲೆಕ್ಟ್ರೊಲೈಟ್‌ಗಳ ವ್ಯತ್ಯಾಸವನ್ನು ಅರೆಗಳ ವ್ಯತ್ಯಾಸದಿಂದ ಬೇರ್ಪಡಿಸಲು ಮುಂದೆ ಯಾವ ಲೆಕ್ಕಾಚಾರದಿಂದಲೂ ಆಗದು.